ರಸ್ತೆಯಿಂದ ಕಾಣುವ ಹಸಿರು

ಏಪ್ರಿಲ್ 18, 1999, ಭಾನುವಾರ. ತಿರುವೊಟ್ಟಿಯೂರು

ಮದರಾಸಿಗೆ ಮಳೆ ತಂದವನು ನಾನೇ. ಮಧುಗಿರಿ ಕಡೆಯ ಹಳ್ಳಿಯಿಂದ ಏಳನೇ ಕ್ಲಾಸಿನ ಸರ್ಟಿಫಿಕೇಟು ಹಿಡಿದು ನಾನು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿಯುವವರೆಗೆ ಈ ಊರಿನಲ್ಲಿ ಮಳೆ ಎಂಬುದೇ ಇರಲಿಲ್ಲ. ಸಮುದ್ರ ಕೂಡ ಈಗಿನಷ್ಟು ತುಂಬಿರಲಿಲ್ಲ. ನಾನು ಪ್ಲಾಟ್‌ಫಾರ್ಮಿನ ಮೇಲೆ ಕಾಲಿಟ್ಟೆ, ಆಕಾಶ ಗುಡುಗಿತು. ಅಂದಿನಿಂದ ಇಲ್ಲಿಯವರು ಕೊಡೆ ಕೊಳ್ಳುತ್ತಿದ್ದಾರೆ. ಇದನ್ನು ಇವತ್ತು ಹರಿದಾಸ ರಾಯರ ಮನೆಯ ಸಭೆಯಲ್ಲೂ ಹೇಳಿದೆ. ಯಾರೂ ನಂಬಲಿಲ್ಲ, ಹೋಗಲಿ, ಯಾರೂ ನಗಲೂ ಇಲ್ಲ.

ಸಭೆ ಸೇರಿದ್ದು ನೆಲದ ವಿಷಯಕ್ಕೆ. ಎರಡು ವರ್ಷದ ಹಿಂದೆ ಫ್ಯಾಕ್ಟರಿಯವರು ನನ್ನನ್ನು ಸ್ಟೋರ್‌ಕೀಪರ್ ಕುರ್ಚಿಯಿಂದ ಮರ್ಯಾದೆಯಾಗಿ ಎಬ್ಬಿಸಿ, ಕೈಗೆ ದುಡ್ಡು ಕೊಟ್ಟು ಮನೆಗೆ ಕಳಿಸಿದರು. ಆ ದುಡ್ಡಿನಲ್ಲಿ ಸ್ವಲ್ಪ, ಬಹಳ ಸ್ವಲ್ಪ, ಒಂದು ತೇಗದ ಕಂಪನಿಗೆ ಹಾಕಿದೆ. ಅವರ ಬಣ್ಣದ ಪುಸ್ತಕದಲ್ಲಿ ಒಂದು ತೇಗದ ಮರವನ್ನು ತಬ್ಬಿಕೊಂಡು ಒಬ್ಬಳು ಹೆಂಗಸು ನಗುತ್ತಿದ್ದಳು. ಇಪ್ಪತ್ತು ವರ್ಷಕ್ಕೆ ಒಂದೊಂದು ಮರವೂ ಒಂದೊಂದು ಮನೆ ಕಟ್ಟಿಸುತ್ತದೆ ಎಂದು ಬರೆದಿತ್ತು. ಮರುವರ್ಷವೇ ಕಂಪನಿಯ ಬಾಗಿಲಿಗೆ ಬೀಗ. ಬೀಗದ ಮುಂದೆ ಕೂಗಾಡಿದವರಲ್ಲಿ ಆರು ಜನ ಒಟ್ಟಾಗಿ ಕೊನೆಗೆ ದಕ್ಕಿಸಿಕೊಂಡದ್ದು ಪೆರಿಯಪಾಳ್ಯಂ ದಾಟಿದ ಮೇಲೆ ಸಿಗುವ ನಾಲ್ಕು ಎಕರೆ ಗರಸು ನೆಲ, ಆರು ಹೆಸರಿನ ಒಂದೇ ಪತ್ರದಲ್ಲಿ. ಅಲ್ಲಿ ನೆಟ್ಟಿದ್ದ ತೇಗದ ಸಸಿಗಳು ಈಗ ಊದುಬತ್ತಿ ಕಡ್ಡಿಗಳ ಹಾಗೆ ನಿಂತಿವೆ. ನಮ್ಮ ಪಾಲು ಇರುವುದು ನನ್ನ ಹೆಂಡತಿ ನಾಗರತ್ನಮ್ಮನ ಹೆಸರಿನಲ್ಲಿ. ಹೆಂಗಸಿನ ಹೆಸರಿನಲ್ಲಿ ಮರ ಬೇಗ ಬೆಳೆಯುತ್ತದೆ ಎಂದು ಏಜೆಂಟ್ ಹೇಳಿದ್ದ. ಹೆಸರಷ್ಟೇ ಅವಳದು, ಯಜಮಾನ ನಾನು.

ಈಗ ಸೀತಾರಾಮ ಎಂಬ ಲಾರಿ ಮಾಲೀಕ ಆ ನೆಲ ಕೇಳುತ್ತಿದ್ದಾನೆ. ಬೆಳೆಗಲ್ಲ. ಎರಡಾಳು ಆಳಕ್ಕೆ ಅಗೆದು, ಆ ಮಣ್ಣನ್ನು ಮದರಾಸಿನ ತಗ್ಗು ಸೈಟುಗಳಿಗೆ ತುಂಬಲು. ಉಳಿದ ಐವರೂ ಸಹಿಗೆ ತಯಾರು, ಆರೂ ಸಹಿ ಇಲ್ಲದೆ ಮಾರುವಂತಿಲ್ಲ.

ಐವರಲ್ಲೊಬ್ಬರಾದ ಹರಿದಾಸ ರಾಯರು ಬ್ಯಾಂಕಿನಿಂದ ನಿವೃತ್ತರಾದವರು, ಮೂರು ತಲೆಮಾರಿನಿಂದ ತಿರುವಲ್ಲಿಕೇಣಿಯವರು. ಅವರ ಕನ್ನಡ ತಮಿಳಿನ ವೇಷ್ಟಿ ಉಟ್ಟುಕೊಂಡೇ ಹೊರಗೆ ಬರುತ್ತದೆ.

"ನಂಜುಂಡಯ್ಯನವರೇ, ಕೊಂಚಂ ಯೋಚಿಸಿ ನೋಡಿ. ಪುಲ್ಲು ಕೂಡ ಮೊಳೆಯದ ನೆಲ. ಇಟ್ಟುಕೊಂಡು ಏನು ಮಾಡೋದು, ಅಪ್ಪಳ ಒಣಗಿಸೋದಾ?"

"ತೋಟ ಮಾಡ್ತೀನಿ," ಎಂದೆ.

ಮಳೆ ತಂದ ಮಾತಿಗೆ ನಗದವರು ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅದೇ ಸಾಕಾಯಿತು. ಬರುವ ಪೊಂಗಲ್ ಹೊತ್ತಿಗೆ ನೆಲ ಹಸಿರಾಗದಿದ್ದರೆ ಸಹಿ ಹಾಕಿಸುತ್ತೇನೆ, ಹಸಿರಾದರೆ ಸೀತಾರಾಮನ ಲಾರಿ ಆ ಕಡೆ ಮೂತಿ ತಿರುಗಿಸಬಾರದು ಎಂದೆ.

"ಎಷ್ಟು ಹಸಿರು?" ಬ್ಯಾಂಕಿನವರಲ್ಲವೇ, ಅಳತೆ ಬೇಕು.

"ರಸ್ತೆಯಲ್ಲಿ ನಿಂತು ನೋಡಿದ್ರೆ ಕಾಣೋಷ್ಟು."

"ಶರಿ," ಎಂದು ರಾಯರು ಕಾಫಿ ಲೋಟ ಎತ್ತಿದರು. ಒಪ್ಪಂದವಾಯಿತು.

ಏಪ್ರಿಲ್ 20

ನಾಗರತ್ನ ಎರಡು ದಿನ ಮಾತಾಡಿರಲಿಲ್ಲ. ಇವತ್ತು ನೀರಿನ ಲಾರಿ ಬಂದಾಗ ಬೀದಿಯಲ್ಲಿ ಯಾರ ಜೊತೆಗೋ ಜಗಳವಾಡಿ, ಗಂಟಲು ಬಿಸಿಯಾಗಿದ್ದರಿಂದ ನನ್ನ ಹತ್ತಿರವೂ ಆಡಿದಳು. ತುಂಬಿದ ಕೊಡವನ್ನು ನನ್ನ ಕಾಲ ಬಳಿ ಕುಕ್ಕಿದಳು.

"ಮಾರಿದ್ರೆ ಬರೋ ದುಡ್ಡಲ್ಲಿ ಮನೆ ಒಳಗೇ ಒಂದು ನಲ್ಲಿ ಬರ್ತಿತ್ತು. ಎಷ್ಟು ಹಾಕಿದ್ರಿ ಆ ತೇಗಕ್ಕೆ, ಸರಿಯಾಗಿ ಹೇಳಿ."

"ಹದಿನೈದು ಸಾವಿರ."

"ಹೋದ ವರ್ಷ ಹನ್ನೆರಡು ಅಂದ್ರಿ."

"ಬಡ್ಡಿ ಸೇರಿಸಿ ಹೇಳ್ದೆ."

ಅವಳು ಇನ್ನೊಂದು ಕೊಡ ತರಲು ಹೋದಳು. ಹದಿನೈದು ಸಾವಿರ ಎಂದೇ ಇಲ್ಲೂ ಬರೆದಿಟ್ಟಿದ್ದೇನೆ.

ಮೇ 9, ಭಾನುವಾರ

ಕತ್ತರಿ ಬಿಸಿಲು, ಮೇ ತಿಂಗಳ ಉರಿಗೆ ಇಲ್ಲಿಯವರು ಇಟ್ಟ ಹೆಸರು. ಮದರಾಸಿನ ನಾಯಿಗಳೆಲ್ಲ ಲಾರಿಯ ಕೆಳಗೆ ಮಲಗಿರುವಾಗ ನಾನು ಮತ್ತು ಪಾವನಾ ನೆಲ ಅಳೆದೆವು. ಪಾವನಾ ನನ್ನ ಅಕ್ಕನ ಮಗಳು. ಮಣಲಿಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾಳೆ, ನಮ್ಮ ಮನೆಯಲ್ಲೇ ಇದ್ದಾಳೆ. ಬೆಳೆದದ್ದು, ಓದಿದ್ದು ಎಲ್ಲ ಇಲ್ಲೇ. ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಬರುತ್ತದೆ.

ನೆಲದಲ್ಲಿ ನನ್ನ ಬೋರ್ಡು ಇನ್ನೂ ನಿಂತಿದೆ: ನಂಜುಂಡಯ್ಯ ಟೀಕ್ ಎಸ್ಟೇಟ್, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ. ಅದರ ನೆರಳೊಂದೇ ನಾಲ್ಕು ಎಕರೆಗೂ ನೆರಳು. ಪಾವನಾ ಅದರಡಿ ಕೂತು ಏಳಲು ಒಪ್ಪಲಿಲ್ಲ.

ನೆಲ ಬಡಗಣದಿಂದ ತೆಂಕಣಕ್ಕೆ ಇಳಿಜಾರು. ಬಿದ್ದ ಮಳೆ ನಿಲ್ಲದೆ ಓಡುತ್ತದೆ, ಓಡುವಾಗ ಮೇಲಿನ ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ, ಉಳಿದಿರುವುದು ಗರಸು. ಅಡ್ಡಲಾಗಿ ಬದು ಹಾಕಿದರೆ ನೀರು ಕೂತು ಇಂಗುತ್ತದೆ. ಆದರೆ ಬದು ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ನೀರು ತಗ್ಗಾದ ಕಡೆ ಸೇರಿ ಒಡೆಯುತ್ತದೆ. ಅದಕ್ಕೆ ಗಾರೆ ಕೆಲಸದವರು ಹಿಡಿಯುವ ನೀರಿನ ಟ್ಯೂಬು ಒಯ್ದಿದ್ದೆ. ಎರಡು ತುದಿಯಲ್ಲಿ ಇಬ್ಬರು ಹಿಡಿದರೆ ಎರಡೂ ಕಡೆ ನೀರು ಸಮವಾಗಿ ನಿಂತಲ್ಲಿ ನೆಲವೂ ಸಮ. ಅಲ್ಲಿ ಸುಣ್ಣದ ಪುಡಿ ಚೆಲ್ಲುತ್ತಾ ಹೋಗುವುದು.

"ಮಾವ, ಈ ಟ್ಯೂಬ್ ಎಲ್ಲಿ ವಾಂಗಿದ್ದು?"

"ಫ್ಯಾಕ್ಟರಿಯವರು ಪ್ರೀತಿಯಿಂದ ಕೊಟ್ಟದ್ದು."

"ಅವಂಗಳುಕ್ಕು ತೆರಿಯುಮಾ?" ಕೊಟ್ಟದ್ದು ಅವರಿಗೆ ಗೊತ್ತೇ ಎಂದು ಕೇಳುತ್ತಾಳೆ. ಇಂಥ ಪ್ರಶ್ನೆಗೆ ನಾನು ಯಾವ ಭಾಷೆಯಲ್ಲೂ ಉತ್ತರ ಕೊಡುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪೇಪರು ಓದಿ ಹೇಳಿದಳು. ಭೂಮಿ ವರ್ಷ ವರ್ಷ ಬಿಸಿಯಾಗುತ್ತಿದೆಯಂತೆ, ಒಣ ನೆಲವೆಲ್ಲ ಮರುಭೂಮಿಯಾಗುತ್ತಿದೆಯಂತೆ, ದೊಡ್ಡ ದೊಡ್ಡ ದೇಶದವರು ಸೇರಿ ಸಭೆ ಮಾಡುತ್ತಿದ್ದಾರಂತೆ.

"ಅವರಿಗೆ ಒಂದು ಟ್ಯೂಬ್ ಕಳಿಸು," ಎಂದೆ. ಪಕ್ಕದ ಸೀಟಿನವನೂ ನಕ್ಕ. ಹೀಗೆ ಸದ್ಯಕ್ಕೆ ಪ್ರಪಂಚದ ಮರುಭೂಮಿಯನ್ನು ತಡೆಯುತ್ತಿರುವವರು ಎರಡು ಕಡೆಯವರು: ಆ ಸಭೆಯವರು, ಮತ್ತು ನಾನು.

ಜೂನ್ 8

ಇವತ್ತು ಮೃಗಶಿರೆ ಹೊಕ್ಕಿತು. ಬಿತ್ತಿದೆ.

ಮೂರು ಬದು ಮುಗಿದಿವೆ. ಕೂಲಿಗೆ ಇಬ್ಬರು ಬಂದಿದ್ದರು, ಮೂರನೆಯವನು ನಾನು, ಒಂಬತ್ತು ಆಳಿನಷ್ಟು ಅಗೆದೆ. ಬದುವಿನ ಮೇಲೆ ಹರಳು, ನಡುವೆ ಹುರುಳಿ, ಅಲಸಂದೆ. ಬೀಜ ಅಕ್ಕ ಊರಿಂದ ಕಳಿಸಿದ್ದು. ನಮ್ಮಪ್ಪ ಮೃಗಶಿರೆ ಮಳೆಗೆ ಬಿತ್ತುತ್ತಿದ್ದ, ಅವರಪ್ಪನೂ ಬಿತ್ತುತ್ತಿದ್ದ.

ಕೂಲಿಯವರಲ್ಲಿ ಒಬ್ಬ ಕೇಳಿದ, "ಈಗ ಯಾಕೆ ಸಾರ್?"

ನಕ್ಷತ್ರಕ್ಕೆ ಕರ್ನಾಟಕ, ತಮಿಳುನಾಡು ಅಂತ ಗಡಿ ಇದೆಯಾ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಓದು ಅಂದರೆ ಇದು.

ಜೂನ್ 20

ಮೋಡ ಕಟ್ಟಿತೆಂದು ಮಾಳಿಗೆ ಹತ್ತಿ ನೋಡಿದೆ. ಮಣಲಿಯ ಚಿಮಣಿ ಹೊಗೆ.

ಜುಲೈ 4

ಎರಡು ಹನಿ ಬಿದ್ದಿತ್ತು. ಆ ಎರಡು ಹನಿಯನ್ನು ನಂಬಿ ಮೊಳೆತ ಬೀಜಗಳು ಎರಡೆಲೆ ಬಿಟ್ಟು ಬಿಸಿಲಿಗೆ ಸುಟ್ಟುಹೋಗಿವೆ. ಮೊಳೆಯದವನ್ನು ಇರುವೆ ಒಯ್ದಿದೆ. ಮನೆಗೆ ಬಂದು, ಇದು ಪ್ರಯೋಗ, ನೆಲದ ಗುಣ ತಿಳಿಯಲು ಮಾಡಿದ್ದು ಎಂದೆ.

ನಾಗರತ್ನ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಮ್ಮೂರ ಪಂಚಾಂಗಾನ ಇಲ್ಲಿ ಯಾಕ್ರೀ ಬಿಚ್ಚಿದ್ರಿ? ಇಪ್ಪತ್ತೆಂಟು ವರ್ಷದಿಂದ ಈ ಊರಲ್ಲಿ ದೀಪಾವಳಿ ಪಟಾಕಿ ನೆನೆಯೋದು ನೋಡಿಲ್ವಾ? ಇಲ್ಲಿ ಮಳೆ ಬರೋದೇ ಆವಾಗ."

"ಪಟಾಕಿಗೆ ಬರೋ ಮಳೆ ಬೇರೆ, ಹೊಲಕ್ಕೆ ಬರೋ ಮಳೆ ಬೇರೆ."

"ಮೋಡಕ್ಕೆ ಅದನ್ನ ಹೇಳಿದೀರಾ?"

ಪಾವನಾ ಒಳಗಿನ ಕೋಣೆಯಲ್ಲಿ ನಗುತ್ತಿದ್ದಳು. ಮದರಾಸಿಗೆ ಮಳೆ ತಂದವನಿಗೆ ಮದರಾಸಿನ ಮಳೆ ಯಾವಾಗ ಬರುತ್ತದೆ ಎಂದು ಗೊತ್ತಿಲ್ಲವಂತೆ. ಗೊತ್ತಿತ್ತು. ಬೀಜ ಕೈಯಲ್ಲಿ ಹಿಡಿದಾಗ ಮಾತ್ರ ನನಗೆ ನಮ್ಮೂರೇ ನೆನಪಾಗುತ್ತದೆ.

ಆಗಸ್ಟ್ 15, ಭಾನುವಾರ

ಸ್ವಾತಂತ್ರ್ಯ ದಿನದಂದು ಒಂದು ದೊಡ್ಡ ಉಪಾಯ ಹೊಳೆಯಿತು. ಕುರಿ ಮಂದೆ ಹಾಕಿಸುವುದು.

ನಮ್ಮೂರಿನಲ್ಲಿ ಸೊರಗಿದ ಹೊಲಕ್ಕೆ ಇದೇ ಔಷಧ. ಕುರಿ ಕಾಯುವವರನ್ನು ಕರೆದು, ರಾತ್ರಿ ಮಂದೆಯನ್ನು ಹೊಲದಲ್ಲೇ ಕೂಡಿಸಿಕೊಳ್ಳಿ ಎಂದರೆ, ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎಲ್ಲ ಹೊಲಕ್ಕೆ. ಈ ಕಡೆ ಎಲ್ಲಪ್ಪ ಎಂಬವನ ಮಂದೆ ದೊಡ್ಡದು. ಆಂಧ್ರದ ಗಡಿ ಹತ್ತಿರ, ತೆಲುಗು ಆಡುತ್ತಾನೆ. ನನಗೆ ಪಾವಗಡದ ಸಂತೆಯ ತೆಲುಗು ಬರುತ್ತದೆ. ಮಾತು ಕುದುರಿತು, ಕೂಲಿಗೆ ಅಕ್ಕಿ ಎಷ್ಟು ಎನ್ನುವಲ್ಲಿ ಮಾತ್ರ ಇಬ್ಬರ ತೆಲುಗೂ ಬೇರೆ ಬೇರೆಯಾಯಿತು.

"ಇಂಥ ನೆಲಕ್ಕೆ ಮಂದೆ ಕರೆದವರನ್ನ ನಾನು ಕಂಡಿಲ್ಲ," ಎಂದ ಎಲ್ಲಪ್ಪ. "ಕುರಿಗೇ ಬೇಜಾರಾಗುತ್ತೆ."

ಆದರೂ ಬಂದ. ಕುರಿಗಳು ಹೊಟ್ಟೆ ಉಬ್ಬಿಸಿಕೊಂಡು ಬಂದವು. ರಸ್ತೆಯ ಉದ್ದಕ್ಕೂ ಬೆಳೆದಿರುವ ಬಳ್ಳಾರಿ ಜಾಲಿಯ ಹಳದಿ ಕಾಯಿಗಳನ್ನು ಮದುವೆ ಮನೆಯ ಲಾಡು ಮುಕ್ಕಿದ ಹಾಗೆ ಮುಕ್ಕಿದ್ದವು. ತಿಂದ ಕುರಿಯೇ ಗೊಬ್ಬರದ ಕುರಿ. ಈ ತಿಂಗಳಿಡೀ ಮಂದೆ ಇಲ್ಲೇ. ಹೀಗೆ ಯೋಚಿಸುವವರು ಆ ದೊಡ್ಡ ದೇಶಗಳ ಸಭೆಯಲ್ಲಿ ಒಬ್ಬರಾದರೂ ಇದ್ದಾರೆಯೇ.

ಸೆಪ್ಟೆಂಬರ್ 12, ಭಾನುವಾರ

ನೆಲದ ಹತ್ತಿರ ಸೀತಾರಾಮ ಕಾಯುತ್ತಾ ನಿಂತಿದ್ದ. ದುಂಡಗಿನ ಮನುಷ್ಯ, ತಲೆಗೆ ಟೋಪಿ, ಯಾವಾಗಲೂ ನಗುಮುಖ. ಹಿಂದೆ ಕೋಲಾರದ ಕಡೆ ಲಾರಿ ಓಡಿಸಿದ್ದರಿಂದ ಕನ್ನಡ ಬರುತ್ತದೆ.

"ಬನ್ನಿ ಸಾರ್, ನನ್ನ ತೋಟ ತೋರಿಸ್ತೀನಿ," ಎಂದು ಪಕ್ಕದ ಜಮೀನಿಗೆ ಕರೆದೊಯ್ದ.

ಅದು ಜಮೀನಲ್ಲ, ಗುಂಡಿ. ಹೋದ ವರ್ಷ ನಮ್ಮ ನೆಲದ ಹಾಗೇ ಇತ್ತು. ಈಗ ತಳದಲ್ಲಿ ನಿಂತಿದ್ದ ಲಾರಿ ಮೇಲಿನಿಂದ ಬೆಂಕಿಪೊಟ್ಟಣದಂತೆ ಕಾಣುತ್ತಿತ್ತು. ಅಂಚಿನಲ್ಲಿ ಒಂದು ಬೇವಿನ ಮರ. ಅರ್ಧ ಬೇರು ಮಣ್ಣಿನಲ್ಲಿ, ಅರ್ಧ ಬೇರು ಗಾಳಿಯಲ್ಲಿ. ಎಲೆ ಇನ್ನೂ ಹಸಿರಿತ್ತು. ಅದಕ್ಕೆ ಇನ್ನೂ ಸುದ್ದಿ ತಿಳಿದಂತಿರಲಿಲ್ಲ.

"ನಾನೇನು ಪಾಪ ಮಾಡ್ತಿಲ್ಲ ಸಾರ್. ಮದ್ರಾಸಲ್ಲಿ ಮನೆ ಕಟ್ಟೋರಿಗೆ ಮಣ್ಣು ಬೇಕು. ಎಲ್ಲಿಂದಾದ್ರೂ ಬರ್ಬೇಕಲ್ಲ. ನಿಮ್ಮ ಮನೇನೂ ಯಾವ್ದೋ ಮಣ್ಣಿನ ಮೇಲೇ ಕೂತಿರೋದು."

ಅದಕ್ಕೆ ಉತ್ತರ ಬಸ್ಸಿನಲ್ಲಿ ಹೊಳೆಯಿತು: ತೇಗ ಒಣಗಿದರೆ ಇನ್ನೊಂದು ನೆಡಬಹುದು, ಹುರುಳಿ ಸುಟ್ಟರೆ ಇನ್ನೊಮ್ಮೆ ಬಿತ್ತಬಹುದು. ನೆಲವನ್ನೇ ಲಾರಿಗೆ ತುಂಬಿದ ಮೇಲೆ ಬೀಜವನ್ನು ಎಲ್ಲಿ ಹಾಕುವುದು, ಅವನ ಟೋಪಿಯೊಳಗಾ? ಬಸ್ಸು ಅಷ್ಟು ಹೊತ್ತಿಗೆ ರೆಡ್‌ಹಿಲ್ಸ್ ದಾಟಿತ್ತು. ಇಳಿದು ಹೋಗಿ ಹೇಳೋಣವೆನ್ನಿಸಿತು. ಹೇಳುವುದೇನು ಬಂತು. ಅವನಿಗೆ ಆ ನೆಲ ಸಿಗುವುದಿಲ್ಲ, ಅಷ್ಟೇ.

ಅಕ್ಟೋಬರ್ 31, ಭಾನುವಾರ

ಮಳೆ ಹಿಡಿದಿದೆ. ಹಿಂದಿನ ವಾರ ಎರಡನೇ ಸಲ ಬಿತ್ತಿದ್ದೆ. ಇದು ಸ್ವಾತಿ ಮಳೆ. ಪಂಚಾಂಗದಲ್ಲಿ ಇದೆ, ನಾನು ಮೊದಲೇ ಹೇಳಿದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಬೆಳಗಿನ ಬಸ್ಸಿಗೆ ಹೊರಟಾಗ ನಾಗರತ್ನ ಬುತ್ತಿ ಕಟ್ಟಿಕೊಂಡು ತಾನೂ ಬಂದಳು. "ನೀವೊಬ್ಬರೇ ಆ ನೀರಲ್ಲಿ ಬಿದ್ದು ಸತ್ರೆ ಹೆಣ ತರೋ ಖರ್ಚು ಬೇರೆ," ಎಂದಳು. ಮೊದಲ ಸಲ ಅವಳು ಆ ನೆಲವನ್ನು ಕಂಡದ್ದು.

ಮೇಲಿನ ಬದು ನಿಂತಿತ್ತು. ನಡುವಿನದು ನಿಂತಿತ್ತು. ಕೆಳಗಿನ ಬದುವಿನಲ್ಲಿ ಒಂದು ಕಡೆ ನೀರು ಸಂದು ಮಾಡಿಕೊಂಡು ಕಿತ್ತುಕೊಂಡು ಹೋಗುತ್ತಿತ್ತು. ಸಂದು ನೋಡುನೋಡುತ್ತ ಬಾಗಿಲಷ್ಟಾಯಿತು. ಮಣ್ಣು ಹಾಕಿದರೆ ಮಣ್ಣೂ ಹೋಗುತ್ತಿತ್ತು, ಕಲ್ಲು ಹಾಕಿದರೆ ಕಲ್ಲೂ ಉರುಳುತ್ತಿತ್ತು. ಅಡ್ಡಲಾಗಿ ಒಂದು ಹಲಗೆ ಬೇಕಾಗಿತ್ತು. ನಾಲ್ಕು ಎಕರೆಯಲ್ಲಿ ಇದ್ದದ್ದು ಒಂದೇ ಹಲಗೆ.

ಬೋರ್ಡು ಕಿತ್ತು ತಂದೆ. ಸಂದಿಗೆ ಅಡ್ಡ ಹಾಕಿದರೆ ನೀರು ಅದನ್ನೂ ತಳ್ಳುತ್ತಿತ್ತು. "ಸರೀರಿ ಅತ್ಲಾಗೆ," ಎಂದು ನಾಗರತ್ನ ಸೀರೆ ಎತ್ತಿ ಕಟ್ಟಿ, ಬೋರ್ಡಿಗೆ ಬೆನ್ನು ಕೊಟ್ಟು ನೀರಿನಲ್ಲೇ ಕೂತುಬಿಟ್ಟಳು. ನಾನು ಅವಳ ಎರಡು ಪಕ್ಕಕ್ಕೂ ಮಣ್ಣು ತುಂಬಿದೆ. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು, ಹಲ್ಲು ಕಟಕಟಿಸುತ್ತ, ನನ್ನ ಇಡೀ ವಂಶವನ್ನು ಬೈದಳು. ನೀರು ನಿಂತಿತು. ಒಂದು ಬದುವಿನಿಂದ ಇನ್ನೊಂದಕ್ಕೆ ಕೆಂಪಗೆ, ತಟ್ಟೆಯಲ್ಲಿ ಹುಯ್ದ ಚಹಾದ ಹಾಗೆ.

ಅವಳು ಎದ್ದು ನೋಡುತ್ತಾ ನಿಂತಳು. ಆಮೇಲೆ ಬಾಗಿ ಆ ಕೆಂಪು ನೀರಿನಲ್ಲಿ ಕೈ ತೊಳೆದಳು.

"ಎಷ್ಟು ಹಾಕಿದ್ರಿ ಇದಕ್ಕೆ, ನಿಜ ಹೇಳಿ."

"ಇಪ್ಪತ್ತೆರಡು."

ಅವಳು ನನ್ನ ಮುಖ ನೋಡಿದಳು. ಬುತ್ತಿ ಬಿಚ್ಚಿದಳು. ಚಿತ್ರಾನ್ನ ನೆನೆದಿತ್ತು, ಅದನ್ನೇ ತಿಂದೆವು. ಬೋರ್ಡು ಈಗ ಮಣ್ಣಿನೊಳಗಿದೆ. ಬಣ್ಣ ಒಳ್ಳೆಯದು ಹಾಕಿಸಿದ್ದೆ, ನೀರು ತಡೆಯುತ್ತದೆ.

ನವೆಂಬರ್ 14, ಭಾನುವಾರ

ಹಸಿರು. ನಾಲ್ಕು ಎಕರೆಯೂ ಹಸಿರು. ರಸ್ತೆಯಿಂದ ಕಾಣುತ್ತದೆ, ಬಸ್ಸಿನ ಕಿಟಕಿಯಿಂದ ಕಾಣುತ್ತದೆ, ಕಣ್ಣು ಮುಚ್ಚಿದರೂ ಕಾಣುತ್ತದೆ. ಬಸ್ಸಿನ ಕಂಡಕ್ಟರಿಗೆ, ಅದು ನನ್ನದು ಎಂದೆ. ಟಿಕೆಟ್ ತಗೊಳ್ಳಿ ಎಂದ.

ಪೆರಿಯಪಾಳ್ಯಂನ ಟೆಲಿಫೋನ್ ಬೂತಿನಿಂದ ಹರಿದಾಸ ರಾಯರಿಗೆ ಫೋನ್ ಮಾಡಿದೆ. ಪೊಂಗಲ್‌ಗೆ ಬರುವಾಗ ಕನ್ನಡಕ ತೊಳೆದುಕೊಂಡು ಬನ್ನಿ ಎಂದೆ. ಅರಬ್ಬರ ದೇಶದಿಂದ ನನಗೆ ಕರೆ ಬರಬಹುದು, ಅಲ್ಲೆಲ್ಲ ಮರಳೇ ಅಲ್ಲವೇ, ಹೋಗುವುದೋ ಬಿಡುವುದೋ ಯೋಚಿಸಬೇಕು ಎಂದೂ ಹೇಳಿದೆ.

ನವೆಂಬರ್ 21, ಭಾನುವಾರ

ಕೂತು ನೋಡಿದೆ. ನಿಂತು ನೋಡಿದಾಗ ಕಾಣದ್ದು ಕೂತಾಗ ಕಂಡಿತು. ಹುರುಳಿಯ ಎಲೆ ಮೂರು ದಳ, ಅಗಲ. ಇದು ಹುಣಸೆಯ ಎಲೆಯಂತೆ ಸಣ್ಣ ಸಣ್ಣದು. ಬುಡದಲ್ಲಿ ಆಗಲೇ ಎಳೆ ಮುಳ್ಳು.

ಬಳ್ಳಾರಿ ಜಾಲಿ. ಇಲ್ಲಿಯವರು ಸೀಮೈ ಕರುವೇಲಂ ಎನ್ನುತ್ತಾರೆ. ಕುರಿ ತಿಂದ ಕಾಯಿಯೊಳಗಿನ ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ, ನೆನೆದು, ಗೊಬ್ಬರದ ಜೊತೆಗೆ, ಬಿತ್ತನೆಗೆ ತಯಾರಾಗಿ ಬೀಳುತ್ತದೆ. ತಿಂಗಳಿಡೀ ಅಕ್ಕಿ ಕೊಟ್ಟು ನಾನು ನಾಲ್ಕು ಎಕರೆಗೆ ಮುಳ್ಳು ಬಿತ್ತಿಸಿಕೊಂಡಿದ್ದೇನೆ. ಹುರುಳಿ ಇರುವುದು ಬದುಗಳ ಪಕ್ಕದಲ್ಲಿ ಮಾತ್ರ, ಗೆರೆ ಎಳೆದ ಹಾಗೆ.

ಎಲ್ಲಪ್ಪನನ್ನು ಹಿಡಿದುಕೊಂಡೆ. ಅವನು ಬೀಡಿ ಕಚ್ಚಿಕೊಂಡು ಹೇಳಿದ, "ಗೊಬ್ಬರ ಕೇಳಿದ್ರಿ, ಕೊಟ್ಟೆ. ಒಳಗೆ ಏನಿದೆ ಅಂತ ಕುರೀನ ಕೇಳ್ಬೇಕಿತ್ತು."

ಪಾವನಾ ಮಾತ್ರ ಖುಷಿಯಾಗಿದ್ದಳು. "ಮಾವ, ಇದು ಸೂಪರ್. ಹರಿದಾಸ ತಾತಾಗೆ ಹುಣಸೆ ಯಾವುದು, ಕರುವೇಲಂ ಯಾವುದು ಗೊತ್ತೇ ಇಲ್ಲ. ಪೊಂಗಲ್‌ವರೆಗೂ ಹಂಗೇ ವಿಟ್ಟುಡುಂಗೊ, ಬಿಟ್ಬಿಡಿ. ಆಮೇಲೆ ಕಿತ್ರಾಯ್ತು."

ಈ ಹುಡುಗಿ ನನ್ನ ಅಕ್ಕನ ಮಗಳೇ ಎಂಬುದರಲ್ಲಿ ಸಂಶಯವಿಲ್ಲ. ನಾನು ಬಸ್ಸಿನಲ್ಲಿ ಯೋಚಿಸಿದ್ದೂ ಇದನ್ನೇ.

ನವೆಂಬರ್ 24

ಈಗ ನೆಲ ಒದ್ದೆ. ಹೆಬ್ಬೆರಳು, ತೋರುಬೆರಳು ಸಾಕು, ಬೇರು ಸಮೇತ ಬರುತ್ತದೆ. ಪೊಂಗಲ್ ಹೊತ್ತಿಗೆ ನೆಲ ಗಟ್ಟಿಯಾಗಿ, ಬೇರು ಮೊಳಕಾಲಿನಷ್ಟು ಇಳಿದಿರುತ್ತದೆ. ಆಮೇಲೆ ಕಡಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ನಾವು ಕೂಡಿಟ್ಟ ನೀರನ್ನೆಲ್ಲ ಅದೇ ಕುಡಿಯುತ್ತದೆ. ಅದರ ಬುಡದಲ್ಲಿ ಇನ್ನೊಂದು ಗಿಡ ಬಾಳುವುದಿಲ್ಲ. ಇದ್ದಿಲು ಸುಡುವವನಿಗೆ ಬಿಟ್ಟರೆ ಇನ್ಯಾರಿಗೂ ಆ ನೆಲ ಬೇಡ. ಆಗ ಸೀತಾರಾಮನಿಗೆ ನಾನೇ ಹೋಗಿ ಕೊಡಬೇಕು.

ಇನ್ನೂ ತೀರ್ಮಾನ ಮಾಡಿಲ್ಲ.

ನವೆಂಬರ್ 28

ಕಿತ್ತೆ. ಮೇಲಿನ ಬದುವಿನಿಂದ ಶುರು ಮಾಡಿದೆ.

ಸೀತಾರಾಮ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ನೋಡಿದ. "ಏನ್ ಸಾರ್, ಗೆದ್ದಿರೋ ಪಂದ್ಯಾನ ಕಿತ್ತು ಹಾಕ್ತಿದೀರಾ?"

"ಕೈ ಖಾಲಿ ಇದ್ರೆ ಇಳಿದು ಬಾ," ಎಂದೆ. ಬರಲಿಲ್ಲ.

ಡಿಸೆಂಬರ್ 12

ನಾಗರತ್ನ, ಪಾವನಾ ಇಬ್ಬರೂ ಬಂದಿದ್ದರು. ನಡುವಿನ ಬದುವಿನವರೆಗೂ ಆಯಿತು. ಪಾವನಾ ಮುಳ್ಳು ಚುಚ್ಚಿದಾಗಲೆಲ್ಲ ತಮಿಳಿನಲ್ಲಿ ಅಳುತ್ತಾಳೆ, ನಾಗರತ್ನ ಕನ್ನಡದಲ್ಲಿ ಬೈಯುತ್ತಾಳೆ. ಕೂಲಿಯವನು ಜೂನಿನಲ್ಲಿ ಬಂದವನೇ. ಈಗ ಯಾಕೆ ಎಂದು ಕೇಳಲಿಲ್ಲ. ಅವನು ಅಂದು ಕೇಳಿದ್ದು ಸರಿಯಾಗಿತ್ತು ಎಂದು ಹೇಳಿದೆ. ಯಾವುದು ಎಂದ. ಮರೆತಿದ್ದಾನೆ.

ಡಿಸೆಂಬರ್ 26

ಕೈ ಮುಷ್ಟಿ ಕಟ್ಟಲು ಬರುವುದಿಲ್ಲ. ಪೆನ್ನು ಹಿಡಿಯುವುದೂ ಕಷ್ಟ. ಮುಗಿಯಿತು.

2000, ಜನವರಿ 2

ಹನ್ನೆರಡು ಹೊಡೆದಾಗ ಲೋಕದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಪಾವನಾಳನ್ನು ಕಚೇರಿಯಲ್ಲೇ ಕೂರಿಸಿದ್ದರು. ಏನೂ ಆಗಲಿಲ್ಲ. ಉಪ್ಪಿಟ್ಟು ತಿಂದು ಬಂದಳು.

ನಾನು ನೆಲಕ್ಕೆ ಹೋಗಿದ್ದೆ. ಮಳೆ ನಿಂತು ದಿನವಾಗಿದೆ. ಬದುವಿನ ಪಕ್ಕ ಬೆರಳು ಹಾಕಿದರೆ ಎರಡನೇ ಗಿಣ್ಣಿನಿಂದ ಕೆಳಗೆ ಇನ್ನೂ ತಂಪು. ಹುರುಳಿ ಕಾಯಿ ಕಟ್ಟುತ್ತಿದೆ. ಯಾವುದೋ ಹಕ್ಕಿ ಹಾಕಿದ್ದಿರಬೇಕು, ಕೆಳಗಿನ ಬದುವಿನ ಹತ್ತಿರ ಬೇವಿನ ಸಸಿಗಳು, ಎಣಿಸುವಷ್ಟು. ಹುಲ್ಲು ಅಲ್ಲಲ್ಲಿ ತೇಪೆ ಹಾಕಿದೆ. ಸುಮ್ಮನೆ ಕೂತು ಬಂದೆ. ಹೇಳಿಕೊಳ್ಳುವಂಥದ್ದು ಏನೂ ಮಾಡಲಿಲ್ಲ.

ಜನವರಿ 16, ಭಾನುವಾರ

ಎಲ್ಲರೂ ವ್ಯಾನು ಮಾಡಿಕೊಂಡು ಬಂದರು. ಹರಿದಾಸ ರಾಯರು ನಿಜವಾಗಿಯೂ ಕನ್ನಡಕ ತೊಳೆದುಕೊಂಡು ಬಂದಿದ್ದರು. ಸೀತಾರಾಮ ಪತ್ರ, ಪೆನ್ನು ಎರಡನ್ನೂ ತಂದಿದ್ದ.

ರಾಯರು ರಸ್ತೆಯ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕಂಡದ್ದು ಕಂದು ನೆಲ, ಅದರ ಮೇಲೆ ಸೊಟ್ಟಗೆ ಎಳೆದ ಮೂರು ಹಸಿರು ಗೆರೆ.

"ಎಲ್ಲಿ?"

"ಕೆಳಗೆ ಇಳಿದು ಬನ್ನಿ, ತೋರಿಸ್ತೀನಿ."

"ರಸ್ತೆಯಿಂದ ಕಾಣಬೇಕು ಅಂದವರು ನೀವು."

"ಅಂದಿದ್ದೆ."

ಸೀತಾರಾಮನಿಗೆ ತಡೆಯಲಾಗಲಿಲ್ಲ. "ನವೆಂಬರಲ್ಲಿ ನೋಡ್ಬೇಕಿತ್ತು ಸಾರ್, ಪಚ್ಚೆ ಅಂದ್ರೆ ಪಚ್ಚೆ. ಎಲ್ಲಾ ಸೀಮೈ ಕರುವೇಲಂ. ಇವರೇ ಕೂತು ಒಂದೊಂದಾಗಿ ಕಿತ್ತು ಹಾಕಿದ್ರು."

ರಾಯರು ನನ್ನ ಕಡೆ ತಿರುಗಿದರು. "ಏನು ನಂಜುಂಡಯ್ಯನವರೇ, ಬಿಟ್ಟಿದ್ದರೆ ನೀವು ಗೆದ್ದಿರ್ತಿದ್ರಿ. ನನಗೆ ಗಿಡ ಎಲ್ಲಿ ತಿಳಿಯುತ್ತೆ?"

"ತಿಳಿಯಲ್ಲ ಅಂತ ಗೊತ್ತಿತ್ತು. ಆದ್ರೆ ಬರೋ ವರ್ಷ ಅದನ್ನ ಕೀಳೋಕೆ ಈ ಸೀತಾರಾಮನ ಯಂತ್ರಾನೇ ತರಿಸಬೇಕಾಗ್ತಿತ್ತು. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಇನ್ನೊಂದು ಮಳೆಗಾಲ ಬಿಡಿ ರಾಯರೇ."

"ಮಾತು ಮಾತೇ," ಎಂದರು ರಾಯರು, ಬೇಸರದಿಂದಲೇ. ಉಳಿದ ನಾಲ್ವರು ಆಗಲೇ ವ್ಯಾನಿನ ನೆರಳಿಗೆ ಸರಿದಿದ್ದರು. ಅರಬ್ಬರ ದೇಶವೂ ನೆನಪಿಗೆ ಬರಲಿಲ್ಲ.

ನಾಗರತ್ನ ಕೆಳಗಿನ ಬದುವಿನ ಮೇಲೆ, ಬೋರ್ಡು ಹೂತಿರುವಲ್ಲಿ, ಕೊಡೆ ಹಿಡಿದು ಕೂತಿದ್ದಳು. ಸೀತಾರಾಮ ಪತ್ರವನ್ನು ಅವಳ ಹತ್ತಿರ ಒಯ್ದ. ಎಲ್ಲರೂ ಹಿಂದೆ ಬಂದರು. ಅವಳು ಪೆನ್ನು ತೆಗೆದುಕೊಂಡಳು, ಮುಚ್ಚಳ ಬಿಚ್ಚಿದಳು.

"ಸಹಿಗೆ ಮುಂಚೆ ಒಂದು ಮಾತು. ಏನ್ರೀ, ಇದಕ್ಕೆ ಎಷ್ಟು ಹಾಕಿದ್ರಿ?"

"ಇಪ್ಪತ್ತೆರಡು..."

"ಹನ್ನೆರಡು, ಹದಿನೈದು, ಇಪ್ಪತ್ತೆರಡು ಎಲ್ಲಾ ಕೇಳಿ ಆಗಿದೆ. ಸುಳ್ಳು ಹೇಳಿದ್ರೆ ಈಗ್ಲೇ ಸಹಿ ಹಾಕ್ತೀನಿ. ನಿಜ ಹೇಳಿದ್ರೆ ಹಾಕಲ್ಲ."

ಅವಳ ಹತ್ತಿರ ಬಾಗಿ ಕಿವಿಯಲ್ಲಿ ಹೇಳಲು ಹೋದೆ.

"ಗಟ್ಟಿಯಾಗಿ."

ಐದು ಪಾಲುದಾರರು, ಒಬ್ಬ ಲಾರಿ ಮಾಲೀಕ, ವ್ಯಾನಿನ ಡ್ರೈವರ್, ದೂರದಲ್ಲಿ ಮಂದೆ ನಿಲ್ಲಿಸಿಕೊಂಡಿದ್ದ ಎಲ್ಲಪ್ಪ. ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಭೆ ನನಗೆ ಎಂದೂ ಸಿಕ್ಕಿರಲಿಲ್ಲ. ಅವಳ ಕಾಲ ಹತ್ತಿರ ಹುರುಳಿ ಬಳ್ಳಿಯೊಂದು ಕೊಡೆಯ ಕಡ್ಡಿ ಹಿಡಿಯಲು ನೋಡುತ್ತಿತ್ತು.

ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ.

ಪಾವನಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾಗರತ್ನ ನನ್ನನ್ನೇ ನೋಡುತ್ತಾ, ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿ ಸೀತಾರಾಮನ ಜೇಬಿಗೆ ಸಿಕ್ಕಿಸಿದಳು.

"ಇಷ್ಟು ದುಡ್ಡಿನ ಮಣ್ಣನ್ನ ಯಾರದೋ ಮನೆ ತಳಕ್ಕೆ ತುಂಬಿಸೋಕೆ ನನಗೇನು ತಲೆ ಕೆಟ್ಟಿದೆಯಾ?"

"ಅಮ್ಮಾ, ಅವರು ಮಾತು ಕೊಟ್ಟಿದಾರೆ," ಎಂದರು ರಾಯರು.

"ಮಾತು ಅವರದು ರಾಯರೇ. ಹೆಸರು ನನ್ನದು. ಕಾಫಿ ತಂದಿದೀನಿ, ಕೂತ್ಕೊಂಡು ಕುಡೀರಿ. ಬದು ತುಳೀಬೇಡಿ."

ರಾಯರು ಕೂತರು. ಲೋಟ ಕೈಗೆ ಬಂದ ಮೇಲೆ ಸಣ್ಣ ದನಿಯಲ್ಲಿ, "ನನ್ನದೂ ಹೆಚ್ಚು ಕಡಿಮೆ ಅಷ್ಟೇ," ಎಂದರು. ಅವರ ಹೆಂಡತಿ ಜೊತೆಯಲ್ಲಿ ಬಂದಿರಲಿಲ್ಲ, ಪುಣ್ಯವಂತರು.

ಬಸ್ಸಿನಲ್ಲಿ ನಾಗರತ್ನ ನನ್ನ ಪಕ್ಕ ಕೂರಲಿಲ್ಲ. ಪಾವನಾಳ ಪಕ್ಕ ಕೂತಳು. ರೆಡ್‌ಹಿಲ್ಸ್ ಬಂದ ಮೇಲೆ ಹಿಂದಕ್ಕೆ ತಿರುಗಿ, "ಬರೋ ವರ್ಷ ಮಂದೆ ಹಾಕಿಸೋ ಮುಂಚೆ ಕುರಿ ಏನು ತಿಂದಿದೆ ವಿಚಾರಿಸಿ," ಎಂದಳು. ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿ ಡಬ್ಬಿಗೆ ಸುರಿದಳು. ಒಂದು ಹಿಡಿ ಹುರುಳಿ, ಬೀಜಕ್ಕೆ. ಯಾವಾಗ ಬಿಡಿಸಿಕೊಂಡಳೋ ನಾನು ನೋಡಲಿಲ್ಲ.

ಹೊಲದಲ್ಲಿ ಅಷ್ಟು ಜನರ ಮುಂದೆ ಕೂಗಿದ್ದನ್ನು ಇಲ್ಲಿ ಮುಚ್ಚಿಟ್ಟು ಏನು ಬಂತು. ಒಂದು ಲಕ್ಷದ ಹದಿನೆಂಟು ಸಾವಿರದ ಐನೂರು. ಐನೂರು ಬೋರ್ಡಿಗೆ.